ಮಿಸ್ ಲೆಟಿಶಿಯಾ ಕೈಗವಸು ತೆಗೆಯದ ಬೇಸಿಗೆ

ಚಹಾಕ್ಕೆ ಕೂತವರು ಕೈಗವಸು ಬಿಚ್ಚಿಡುತ್ತಾರೆ. ಕೂಂಬ್ ಆರ್ಲಿಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಪಾದ್ರಿಮನೆಯ ಬೆಕ್ಕಿಗೂ ಗೊತ್ತಿದ್ದ ವಿಷಯ. ಹಾಗಾಗಿ ಜೂನ್ ತಿಂಗಳ ಒಂದು ಮಧ್ಯಾಹ್ನ, ದೊಡ್ಡ ಬಂಗಲೆಯ ಮಿಸ್ ಲೆಟಿಶಿಯಾ ಥೋರಲ್ಡ್ ಪಾದ್ರಿಮನೆಗೆ ಬಂದು ಕೂತು, ಬೂದುಬಣ್ಣದ ತೆಳು ಚರ್ಮದ ಗವಸನ್ನು ಬಿಚ್ಚದೆಯೇ ಬಟ್ಟಲು ಎತ್ತಿಕೊಂಡಾಗ, ಪಾದ್ರಿಯ ಮಗಳು ಡಾರ್ಕಸ್ ಪೆನ್‌ಫೋಲ್ಡ್ ತನ್ನ ಬಟ್ಟಲನ್ನು ಕೆಳಗಿಟ್ಟಳು.

ಡಾರ್ಕಸ್‌ಗೆ ಇಪ್ಪತ್ತನಾಲ್ಕು. ತಾಯಿಯಿಲ್ಲದ ಹುಡುಗಿ, ಸಾಕಿದವಳು ಸೋದರತ್ತೆ ಪ್ರಿಸಿಲ್ಲಾ. ಓದು ಬರಹ ಬಲ್ಲವಳು, ರೋಗಿಗಳನ್ನು ನೋಡಿಕೊಳ್ಳುವವಳು, ಹಾಡಿದರೆ ಅಪಸ್ವರವಿಲ್ಲ. ಊರು ಅವಳಲ್ಲಿ ಕಂಡ ದೋಷ ಒಂದೇ: ಯಾವುದನ್ನೂ ಅದರ ಪಾಡಿಗೆ ಬಿಡುವವಳಲ್ಲ. ಬಡಗಿಯ ಹೆಂಡತಿ ಈ ಭಾನುವಾರ ಯಾಕೆ ಹಾಡಲಿಲ್ಲ, ಕಟುಕನ ನಾಯಿ ಯಾಕೆ ಗಿರಣಿಯ ಮುಂದೆ ಮಲಗಿದೆ, ಎಲ್ಲ ಅವಳಿಗೆ ಬೇಕು. "ನಿನ್ನ ಮೂಗು ನಿನಗಿಂತ ಮುಂಚೆ ಹೋಗಿ ಬಾಗಿಲು ತಟ್ಟುತ್ತೆ ಕಣೇ" ಎಂದು ಅತ್ತೆ ಬೈಯುತ್ತಿದ್ದಳು. ಬೈದು ಮುಗಿಸಿ, "ಅಂದಹಾಗೆ, ಬಡಗಿ ಹೆಂಡತಿ ಯಾಕೆ ಹಾಡಲಿಲ್ಲವಂತೆ?" ಎಂದು ಕೇಳುವವಳೂ ಅವಳೇ.

"ಬನ್ ತಗೊಳ್ಳಿ ಮಿಸ್ ಲೆಟಿಶಿಯಾ, ಬಿಸಿ ಇದೆ" ಎಂದಳು ಅತ್ತೆ. ಬನ್ನಿನ ಮೈಯೆಲ್ಲ ಬೆಣ್ಣೆ ಜಿನುಗುತ್ತಿತ್ತು.

"ಬೇಡ, ಹಸಿವಿಲ್ಲ."

ಹಸಿವಿಲ್ಲದವರು ಬನ್ನನ್ನು ಹಾಗೆ ನೋಡುವುದಿಲ್ಲ. ಅತ್ತೆ ಬಿಸಿನೀರು ತರಲು ಒಳಗೆ ಹೋದಳು. ಡಾರ್ಕಸ್ ಬೇಕೆಂದೇ ಕಿಟಕಿಯತ್ತ ತಿರುಗಿ, ಗುಲಾಬಿ ಗಿಡಕ್ಕೆ ಹುಳು ಬಿದ್ದಿದೆ ಎಂದು ಏನೋ ಹೇಳುತ್ತ ನಿಂತಳು. ತಿರುಗಿ ನೋಡಿದಾಗ ತಟ್ಟೆಯಲ್ಲಿದ್ದ ಬನ್ ಮಾಯವಾಗಿತ್ತು. ಬೂದು ಗವಸಿನ ಎರಡು ಬೆರಳ ತುದಿಯಲ್ಲಿ ಬೆಣ್ಣೆಯ ಕಲೆ ಇತ್ತು.

ಬಂಗಲೆಯ ಗಾಡಿ ಗೇಟು ದಾಟಿದ್ದೇ ತಡ, ಅತ್ತೆ ಕುರ್ಚಿ ಎಳೆದುಕೊಂಡಳು. "ಕಜ್ಜಿ ಇರಬೇಕು."

"ಕಜ್ಜಿ ಆದವರು ಮುಲಾಮು ಹಚ್ಚಿರ್ತಾರೆ ಅತ್ತೆ. ಮುಲಾಮಿನ ವಾಸನೆ ಬರಲಿಲ್ಲ. ಹುಳಿ ಹಾಲಿನ ವಾಸನೆ ಬಂತು."

"ಹಾಗಾದ್ರೆ ಉಂಗುರ. ಗುಟ್ಟಾಗಿ ಯಾರಿಗೋ ಮಾತು ಕೊಟ್ಟು ಉಂಗುರ ಹಾಕ್ಕೊಂಡಿದಾಳೆ."

"ಉಂಗುರ ಆದ್ರೆ ಒಂದು ಕೈ ಮುಚ್ಚಿದ್ರೆ ಸಾಕಲ್ಲ?"

ಮಿಸ್ ಲೆಟಿಶಿಯಾ ಜಮೀನುದಾರ ಸರ್ ಪೆರೆಗ್ರಿನ್ ಥೋರಲ್ಡ್‌ನ ತಂಗಿ. ವಯಸ್ಸು ಮೂವತ್ತು ದಾಟಿತ್ತು. ಅಣ್ಣ ಗೊತ್ತು ಮಾಡಿದ ಇಬ್ಬರು ವರಗಳನ್ನು ಬೇಡ ಅಂದಿದ್ದಳು. ಒಬ್ಬ ಕರ್ನಲ್, ಇನ್ನೊಬ್ಬನಿಗೆ ಗ್ಲೋಸ್ಟರಿನಲ್ಲಿ ಅರಮನೆಯಂಥ ಮನೆ. ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ. ಈ ಬೇಸಿಗೆ ಅವಳಿಗೆ ಹೊಸದಾಗಿ ಚಿತ್ರ ಬರೆಯುವ ಹುಚ್ಚು ಹಿಡಿದಿತ್ತು. ಬೆಳಕು ಹರಿಯುವ ಮುಂಚೆಯೇ ಹಲಗೆ, ಬಣ್ಣದ ಪೆಟ್ಟಿಗೆ ಹಿಡಿದು ಹೊಳೆಯ ಕಡೆಗೆ ಹೋಗುತ್ತಿದ್ದಳಂತೆ. ಡಾರ್ಕಸ್ ಒಂದು ಸಲ ಆ ಚಿತ್ರವನ್ನು ಕೇಳಿ ನೋಡಿದ್ದಳು. ಒಂದು ಮರ. ಅರ್ಧ ಬರೆದದ್ದು. ಮೂರು ವಾರ ಬಿಟ್ಟು ಮತ್ತೆ ನೋಡಿದಾಗಲೂ ಅದೇ ಮರ, ಅದೇ ಅರ್ಧ.

ಹೊಳೆಯ ಆಚೆ ದಂಡೆಯಲ್ಲಿ ಒಂದೇ ಮನೆ, ಯೆಲಂಡರದು.

ಯೆಲಂಡರು ಥೋರಲ್ಡರ ಗೇಣಿದಾರರಲ್ಲ. ತಮ್ಮ ನೆಲ ತಾವೇ ಉಳುವವರು. ಹೊಸ್ತಿಲ ಕಲ್ಲಿನ ಮೇಲೆ ಕೆತ್ತಿದ ಅವರ ಹೆಸರು ಬಂಗಲೆಗಿಂತ ಹಳೆಯದು. ಮನೆಯ ಯಜಮಾನಿ ವಿಧವೆ ಕೆಜಾಯಾ ಯೆಲಂಡ್. ಅವಳ ಚೀಸ್ ಎಂದರೆ ಸಾಮರ್‌ಸೆಟ್ ಜಿಲ್ಲೆಯಲ್ಲೆಲ್ಲ ಹೆಸರು. ಒಬ್ಬನೇ ಮಗ ಗಿಡಿಯನ್, ಎತ್ತರದ ಆಳು, ಮಾತು ಕಡಿಮೆ. ಆ ಮನೆಗೆ ಹೋಗಲು ಡಾರ್ಕಸ್‌ಗೆ ಒಂದು ನೆಪ ಬೇಕಿತ್ತು. ಅತ್ತೆಯ ಕೆಮ್ಮು ಆ ವಾರ ಸರಿಯಾದ ಸಮಯಕ್ಕೆ ಶುರುವಾಯಿತು. ಕೆಮ್ಮಿಗೆ ಯೆಲಂಡ್ ಮನೆಯ ಜೇನು ಒಳ್ಳೆಯದು.

ಹಿತ್ತಲ ಕಡೆಯಿಂದ ಹೋದಳು. ಹಾಲುಮನೆಯ ಕಿಟಕಿ ತೆರೆದಿತ್ತು. ಒಳಗಿನಿಂದ ಮುದುಕಿಯ ಗದರಿಕೆ ಕೇಳುತ್ತಿತ್ತು.

"ಕೈ ಪೂರಾ ಇಳಿಸಿ ಮಿಸ್! ಪಿಯಾನೋ ಬಾರಿಸ್ದಂಗೆ ಬೆರಳ ತುದಿ ಆಡಿಸಿದ್ರೆ ಆಯ್ತದಾ? ಮೊಣಕೈವರ್ಗೂ ಇಳೀಬೇಕು. ಹೆಪ್ಪು ಕೂತೈತೋ ಇಲ್ವೋ ಕೈಗೇ ಗೊತ್ತಾಗ್ಬೇಕು, ಕಣ್ಣಿಗಲ್ಲ."

"ಇಳಿಸಿದೀನಿ ಮಿಸೆಸ್ ಯೆಲಂಡ್."

"ಇಳಿಸಿದಾರಂತೆ! ಬೆಕ್ಕು ಹೊಳೇಗೆ ಕಾಲಿಟ್ಟಂಗೈತೆ."

ಡಾರ್ಕಸ್ ಕಿಟಕಿಯ ಕಟ್ಟೆ ಹಿಡಿದು ತುದಿಗಾಲಲ್ಲಿ ನಿಂತು ಇಣುಕಿದಳು. ದೊಡ್ಡ ಮರದ ತೊಟ್ಟಿಯ ಮುಂದೆ, ಒರಟು ಬಟ್ಟೆಯ ಏಪ್ರನ್ ಕಟ್ಟಿಕೊಂಡು, ತೋಳು ಮಡಚಿ, ಬಿಳಿಯ ಹೆಪ್ಪಿನಲ್ಲಿ ಎರಡೂ ಕೈ ಮುಳುಗಿಸಿ ನಿಂತಿದ್ದವಳು ಸರ್ ಪೆರೆಗ್ರಿನ್‌ನ ತಂಗಿ. ಕೈ ಮೇಲೆತ್ತಿದಾಗ ಕಂಡಿತು: ಚೀಸಿನ ಉಪ್ಪುನೀರು ತಿಂದು ಕೆಂಪಗೆ ಊದಿದ ಬೆರಳುಗಳು, ಗೆಣ್ಣುಗಳಲ್ಲಿ ಬಿರುಕು.

ಸಿಕ್ಕಿಬಿದ್ದದ್ದು ಕಾಲ ಕೆಳಗಿನ ಬಕೆಟ್ಟಿನಿಂದ. ಅದು ಉರುಳಿ ಸದ್ದಾಗಿದ್ದೇ, ಒಳಗಿದ್ದ ಇಬ್ಬರೂ ತಿರುಗಿ ನೋಡಿದರು.

"ಪಾದ್ರಿ ಮಗಳು" ಎಂದಳು ಕೆಜಾಯಾ ಯೆಲಂಡ್, ಹಾಲುಮನೆಗೆ ಇಲಿ ಬಂದರೆ ಹೇಳುವ ದನಿಯಲ್ಲಿ. "ಇನ್ನು ಡಂಗುರ ಹೊಡೆಯೋನ್ಗೆ ಸಂಬಳ ಕೊಡೋ ಕೆಲಸ ಇಲ್ಲ ಊರಿಗೆ."

ಲೆಟಿಶಿಯಾ ಕೈ ಒರೆಸಿಕೊಂಡು ಹೊರಗೆ ಬಂದಳು. ಇಬ್ಬರೂ ಸೇಬಿನ ಮರಗಳ ನಡುವೆ ಸ್ವಲ್ಪ ದೂರ ನಡೆದರು. ಡಾರ್ಕಸ್ ಬಾಯಿ ಬಿಗಿಹಿಡಿದುಕೊಂಡಿದ್ದಳು. ಅವಳ ಮಟ್ಟಿಗೆ ಅದು ದೊಡ್ಡ ಸಾಹಸ.

"ಕೇಳು, ಪರವಾಗಿಲ್ಲ" ಎಂದಳು ಲೆಟಿಶಿಯಾ. "ಕೇಳದೆ ಇದ್ರೆ ನಿನಗೆ ಏನಾದ್ರೂ ಆಗಿಬಿಡುತ್ತೆ."

"ಗಿಡಿಯನ್ ಯೆಲಂಡ್?"

"ಹೌದು."

"ಮದುವೆ?"

"ಅವನು ತಯಾರು. ನಾನೂ ತಯಾರು. ಅವನ ಅಮ್ಮ ತಯಾರಿಲ್ಲ."

ಡಾರ್ಕಸ್ ನಿಂತುಬಿಟ್ಟಳು. ಬಂಗಲೆ ಒಪ್ಪುವುದಿಲ್ಲ ಎಂದರೆ ಅರ್ಥವಾಗುವ ಮಾತು. ಸರ್ ಪೆರೆಗ್ರಿನ್‌ನ ತಂಗಿಯನ್ನು ರೈತನ ತಾಯಿ ಬೇಡ ಎನ್ನುವುದು ಅವಳು ಎಲ್ಲೂ ಕೇಳಿರಲಿಲ್ಲ.

"ಯಾಕಂತೆ?"

"ನನ್ನಿಂದ ಪ್ರಯೋಜನ ಇಲ್ಲವಂತೆ." ಲೆಟಿಶಿಯಾ ನಕ್ಕಳು. "ಸರಿಯಾಗೇ ಹೇಳಿದ್ರು. ಅಡುಗೆ ಬರಲ್ಲ, ಹಾಲು ಕರೆಯೋಕೆ ಬರಲ್ಲ, ಬೆಂಕಿ ಹಚ್ಚೋಕೆ ಬರಲ್ಲ. ಫ್ರೆಂಚ್ ಬರುತ್ತೆ ಅಂದೆ. 'ನಮ್ಮ ಹಸುಗಳಿಗೆ ಬರಲ್ಲ' ಅಂದ್ರು. ಕೊನೆಗೆ ಒಂದು ಷರತ್ತು ಹಾಕಿದ್ರು. ಹಾಲಿನಿಂದ ಹಿಡಿದು ಅಟ್ಟದ ಹಲಗೆ ಮೇಲೆ ಮಾಗಿಸೋವರೆಗೆ ನಾನೊಬ್ಬಳೇ ಮಾಡಿದ ಒಂದು ಚೀಸ್. ಸೆಪ್ಟೆಂಬರ್ ಕೊನೇಲಿ ಮೈಕೆಲ್‌ಮಸ್ ಹಬ್ಬದ ದಿನ ಕೊಯ್ದು ನೋಡ್ತಾರೆ. ಚೆನ್ನಾಗಿದ್ರೆ ಸೊಸೆ."

"ಇಲ್ಲದಿದ್ರೆ?"

"ಹಂದಿಗೆ ಹಾಕ್ತಾರೆ. ಚೀಸನ್ನ."

ಮೊದಲು ಮಾಡಿದ ಎಷ್ಟೋ ಚೀಸು ಆಗಲೇ ಹಂದಿಗಳ ಪಾಲಾಗಿತ್ತು. ಒಂದು ಉಬ್ಬಿ ಒಡೆದಿತ್ತು, ಒಂದು ಕಹಿಯಾಗಿತ್ತು, ಒಂದರೊಳಗೆ ಅವಳ ಕೂದಲಿನ ಪಿನ್ನು ಸಿಕ್ಕಿತ್ತು.

"ಒಂದು ಕೇಳ್ಲಾ? ಸಿಟ್ಟು ಮಾಡ್ಕೋಬೇಡಿ" ಎಂದಳು ಡಾರ್ಕಸ್. "ಅವನಲ್ಲಿ ಏನು ಕಂಡ್ರಿ?"

ಲೆಟಿಶಿಯಾ ಒಂದು ಎಳೆ ಸೇಬನ್ನು ಮುಟ್ಟಿ ನೋಡಿ ಬಿಟ್ಟಳು. "ಹೊಳೆ ದಾರಿ ಯಾರದು ಅಂತ ಹೋದ ವರ್ಷ ಜಗಳ ಆಗಿತ್ತಲ್ಲ? ಅಣ್ಣ ಬೇಲಿ ಹಾಕಿಸೋಕೆ ಹೊರಟಿದ್ದ. ನಾನು ಆ ಕಡೆ ನಡೆದು ಹೋಗ್ತಿದ್ದೆ, ಗಿಡಿಯನ್ ಬೇಲಿ ಹತ್ತಿರ ನಿಂತಿದ್ದ. 'ಈ ದಾರಿ ನಿಮಗೆ ಬೇಕಾ ಮಿಸ್?' ಅಂತ ಕೇಳಿದ. ಅಣ್ಣನ ಅಭಿಪ್ರಾಯ ಏನು ಅಂದ್ರೆ, ಅಂತ ಶುರು ಮಾಡಿದೆ. 'ನಿಮ್ಮ ಅಣ್ಣಂದು ಗೊತ್ತು. ನಿಮಗೆ ಬೇಕಾ?' ಅಂದ. ಅಂದವನು ಸುಮ್ಮನೆ ನಿಂತ. ನನಗೆ ತಕ್ಷಣ ಉತ್ತರ ಹೊಳೀಲಿಲ್ಲ ಡಾರ್ಕಸ್. ಅವನು ಕಾದ. ನನ್ನನ್ನ ಪ್ರಶ್ನೆ ಕೇಳಿದ ಗಂಡಸರು ಬೇಕಾದಷ್ಟು ಜನ ಇದ್ರು. ಉತ್ತರಕ್ಕೆ ಕಾದವರು ಯಾರೂ ಇರಲಿಲ್ಲ."

ವಾಪಸ್ಸು ಬರುವಾಗ ಗಿಡಿಯನ್ ಎದುರಾದ, ಡಾರ್ಕಸ್ ನೆಪಕ್ಕೆ ಕೇಳಿದ್ದ ಜೇನಿನ ಜಾಡಿ ಹಿಡಿದುಕೊಂಡು. ಡಾರ್ಕಸ್ ಬಿಡಲಿಲ್ಲ. ಅವಳು ಯಾವಾಗ ಇಷ್ಟವಾದಳು, ಬಂಗಲೆಯ ಭಯ ಇಲ್ಲವೇ, ಅಮ್ಮ ಒಪ್ಪದಿದ್ದರೆ ಏನು ಮಾಡುತ್ತೀರಿ, ಮದುವೆಯಾದ ಮೇಲೆ ಊಟದ ಹೊತ್ತಿನಲ್ಲಿ ಇಬ್ಬರೂ ಏನು ಮಾತಾಡುತ್ತೀರಿ, ಎಲ್ಲವನ್ನೂ ಒಂದೇ ಉಸಿರಿಗೆ ಕೇಳಿದಳು. ಅವನು ಜಾಡಿಯನ್ನು ಅವಳ ಕೈಗಿತ್ತು, ಆಕಾಶ ನೋಡಿ, ಬೂಟಿನ ಮಣ್ಣು ಕೊಡವಿ, ಗೇಟಿನವರೆಗೆ ಜೊತೆಗೆ ಬಂದು, ಅವಳು ಇನ್ನೇನು ಗೇಟು ದಾಟಬೇಕು ಅನ್ನುವಾಗ ಹೇಳಿದ: "ಭಯ ಐತೆ."

ಆ ಬೇಸಿಗೆಯನ್ನು ಡಾರ್ಕಸ್ ಹೇಗೆ ಕಳೆದಳೋ ಅವಳಿಗೇ ಗೊತ್ತು. ಗುಟ್ಟು ಹುಡುಕುವುದರಲ್ಲಿ ಪಳಗಿದ್ದಳೇ ಹೊರತು ಇಟ್ಟುಕೊಳ್ಳುವುದರಲ್ಲಿ ಅಲ್ಲ. ಅತ್ತೆ ದಿನಕ್ಕೊಂದು ಊಹೆ ಕಟ್ಟುತ್ತಿದ್ದಳು. ಒಂದು ದಿನ ಲೆಟಿಶಿಯಾ ಗುಟ್ಟಾಗಿ ಕ್ಯಾಥೊಲಿಕ್ ಆಗಿದ್ದಾಳೆ ಎನ್ನುವವರೆಗೂ ಹೋದಳು. ಡಾರ್ಕಸ್ ನಾಲಿಗೆ ಕಚ್ಚಿಕೊಂಡು ಹೊಲಿಗೆ ಹಾಕುತ್ತಿದ್ದಳು. ನಿದ್ದೆಗಣ್ಣಲ್ಲೂ ಒಂದೇ ಯೋಚನೆ: ಮೇಜಿನ ಮೇಲೆ ಎಲ್ಲ ತಯಾರಾಗಿ ಬರುವ ಮನೆಯಲ್ಲಿ ಹುಟ್ಟಿದವಳು, ಒಬ್ಬ ಕಾಯುತ್ತಾನೆ ಎಂಬ ಒಂದೇ ಕಾರಣಕ್ಕೆ ಉಪ್ಪುನೀರಿಗೆ ಕೈ ಹಾಕುತ್ತಾಳೆಯೇ? ಪ್ರೀತಿ ಅಂದರೆ ಇಷ್ಟೇನಾ, ಅಥವಾ ಇನ್ನೂ ಏನಾದರೂ ಇದೆಯಾ?

ಆಗಸ್ಟಿನಲ್ಲಿ ಒಂದು ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ಸರ್ ಪೆರೆಗ್ರಿನ್ ಅವಳನ್ನು ಚರ್ಚಿನ ಬಾಗಿಲಲ್ಲಿ ನಿಲ್ಲಿಸಿದ. ದುಂಡು ಮುಖ, ಕೆಟ್ಟ ಮನುಷ್ಯನೇನಲ್ಲ; ಲೋಕದಲ್ಲಿ ಎಲ್ಲವೂ ಇಟ್ಟ ಜಾಗದಲ್ಲೇ ಇರಬೇಕು ಎನ್ನುವವನು.

"ಮಿಸ್ ಪೆನ್‌ಫೋಲ್ಡ್, ನನ್ನ ತಂಗಿ ಬರೆಯೋ ಚಿತ್ರ ನೀವು ನೋಡಿದೀರಾ?"

"ನೋಡಿದೀನಿ ಸರ್. ಒಂದು ಮರ."

"ನಾನೂ ಅದೇ ಮರ ನೋಡ್ತಿದೀನಿ. ಮೇ ತಿಂಗಳಿಂದ."

"ಮರ ಅಲ್ವಾ ಸರ್, ನಿಧಾನವಾಗಿ ಬೆಳೆಯುತ್ತೆ."

ಅವನು ನಗಲಿಲ್ಲ. "ಹೊಳೆ ಆಚೆ ಯೆಲಂಡರ ಮನೆ ಇದೆ. ಆ ಮುದುಕಿಯ ಚೀಸ್ ಇಲ್ಲದೆ ನನಗೆ ಊಟ ಮುಗಿಯಲ್ಲ. ಒಳ್ಳೆ ಜನ. ಹಿಂದಿನ ಬಾಗಿಲಿಗೆ ತಂದು ಕೊಡ್ತಾರೆ, ಹಿಂದಿನ ಬಾಗಿಲಿಂದ ಹೋಗ್ತಾರೆ. ಎಲ್ಲಿವರೆಗೆ ಎಲ್ಲರೂ ತಮ್ಮ ತಮ್ಮ ಬಾಗಿಲು ಉಪಯೋಗಿಸ್ತಾರೋ ಅಲ್ಲಿವರೆಗೆ ಊರು ಚೆನ್ನಾಗಿರುತ್ತೆ. ಅಲ್ವಾ?"

"ನಮ್ಮ ಮನೇಗೆ ಒಂದೇ ಬಾಗಿಲು ಸರ್. ಹಿಂದಿಂದು ತುಕ್ಕು ಹಿಡಿದು ತೆಗೆಯೋಕಾಗಲ್ಲ" ಎಂದು ಹೇಳಿ ಡಾರ್ಕಸ್ ಅಪ್ಪನ ಕಡೆ ನಡೆದುಬಿಟ್ಟಳು.

ಮೈಕೆಲ್‌ಮಸ್ ಬಂತು. ಸೇಬು ಕೀಳುವ ಕಾಲ; ಯೆಲಂಡರ ಅಂಗಳದ ತುಂಬ ಹುಳಿಸಿಹಿ ವಾಸನೆ. ಡಾರ್ಕಸ್‌ಗೆ ಕರೆ ಇರಲಿಲ್ಲ, ಆದರೂ ಹೋದಳು. ಯಾರೂ ಬೇಡ ಅನ್ನಲಿಲ್ಲ. ಹಾಲುಮನೆಯ ಕಲ್ಲಿನ ಮೇಜಿನ ಮೇಲೆ ಬಟ್ಟೆ ಸುತ್ತಿದ ಚೀಸ್ ಇತ್ತು, ಒಂದು ಸಣ್ಣ ಮಣೆಯಷ್ಟು ಗಾತ್ರ. ಒಂದು ಪಕ್ಕ ಲೆಟಿಶಿಯಾ, ಇನ್ನೊಂದು ಪಕ್ಕ ಗಿಡಿಯನ್.

ಕೆಜಾಯಾ ಯೆಲಂಡ್ ಬಟ್ಟೆ ಬಿಚ್ಚಿದಳು. ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟಳು. ಟೊಳ್ಳು ಕೊಳವೆಯಂಥ ಕಬ್ಬಿಣವನ್ನು ಚುಚ್ಚಿ, ತಿರುವಿ, ಎಳೆದಳು. ಉದ್ದನೆಯ ಹಳದಿ ತಿರುಳು ಬಂತು. ಮೂಸಿದಳು. ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಅಗಿದಳು. ಇನ್ನೊಂದು ಚೂರು ಹಾಕಿಕೊಂಡಳು. ಅದನ್ನು ನೋಡಿ ಡಾರ್ಕಸ್‌ಗೆ ಗೆದ್ದಂತೆಯೇ ಅನ್ನಿಸಿತು. ಕೆಟ್ಟ ಚೀಸನ್ನು ಯಾರೂ ಎರಡನೇ ಸಲ ತಿನ್ನುವುದಿಲ್ಲ.

"ಚೆನ್ನಾಗೈತೆ" ಎಂದಳು ಮುದುಕಿ. ಸಂತೋಷದ ದನಿಯಲ್ಲ. ಕಬ್ಬಿಣವನ್ನು ಕೆಳಗಿಟ್ಟು, ಸ್ಟೂಲಿನ ಮೇಲೆ ಕೂತಳು. "ಚೆನ್ನಾಗೇ ಐತೆ. ಆದ್ರೂ ನನ್ನ ಕೈಲಿ ಆಗಲ್ಲ."

"ಅಮ್ಮ, ನೀನು ಮಾತು ಕೊಟ್ಟಿದ್ದೆ" ಎಂದ ಗಿಡಿಯನ್.

"ಸುಮ್ನಿರ್ಲಾ. ಕೊಟ್ಟಿದ್ದೆ. ಈಗ ತಪ್ತಾ ಇದೀನಿ, ಬೇಕಾದ್ರೆ ಚರ್ಚಲ್ಲಿ ನಿಂತು ಹೇಳ್ತೀನಿ ತಪ್ಪಿದೆ ಅಂತ." ಲೆಟಿಶಿಯಾಳತ್ತ ತಿರುಗಿದಳು. "ಮಿಸ್, ನೀವು ಒಂದು ವಾರಕ್ಕೆ ಓಡೋಗ್ತೀರಿ ಅಂತ ಆ ಷರತ್ತು ಹಾಕ್ದೆ. ಓಡೋಗ್ಲಿಲ್ಲ. ಅದು ನಿಮ್ಮ ದೊಡ್ಡಸ್ತಿಕೆ. ಆದ್ರೆ ನಾಳೆ ನೀವು ಈ ಮನೇಗೆ ಬಂದ್ರೆ ನಾನು ಯಾರು? ಈಗ ಬಾಗಿಲಿಗೆ ಬಂದೋರು ಮಿಸೆಸ್ ಯೆಲಂಡ್ ಇದಾರಾ ಅಂತ ಕೇಳ್ತಾರೆ. ನಾಳೆ ನನ್ನ ನೋಡಿ, 'ಏನಮ್ಮ, ನಿಮ್ಮ ಯಜಮಾನತಿ ಇದಾರಾ' ಅಂತಾರೆ. ಕೆಲಸದ ಹುಡುಗೀರು ನಿಮಗೆ ಬಗ್ಗಿ ನಮಸ್ಕಾರ ಮಾಡ್ತಾರೆ, ನನಗೆ ಗಂಜಿ ಆಯ್ತಾ ಅಂತಾರೆ. ನನ್ನ ಮನೇಲಿ ನಾನು ಆಳಾಗಕ್ಕಿಲ್ಲ."

ಗಿಡಿಯನ್ ಮುಖ ಕೆಂಪಗಾಗಿ, "ಹಂಗಾದ್ರೆ ನಾವು ಬೇರೆ ಕಡೆ ಹೋಗ್ತೀವಿ. ನಾಳೆನೇ" ಎಂದ. ಅವನು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ಡಾರ್ಕಸ್ ಕೇಳಿರಲಿಲ್ಲ.

"ಬೇಡ" ಎಂದವಳು ಲೆಟಿಶಿಯಾ. "ಬಂಗಲೇಲಿ ಅತ್ತಿಗೆಯ ಮೇಜಿನ ಕೊನೇ ಕುರ್ಚೀಲಿ ನಾನು ವರ್ಷಗಟ್ಟಲೆ ಕೂತಿದೀನಿ. ಬೇಡದ ಹೆಂಗಸಾಗಿ ಒಂದು ಮನೇಲಿ ಇದ್ದದ್ದು ಸಾಕು. ಈ ಮನೆಯನ್ನ ಒಡೆದು, ನಿಮಗೂ ಬೇಡದವಳಾಗಿ ಬದುಕೋಕೆ ನನಗೆ ಇಷ್ಟ ಇಲ್ಲ, ಮಿಸೆಸ್ ಯೆಲಂಡ್. ನೀವು ಕರೆದ್ರೆ ಬರ್ತೀನಿ."

ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ, ಸೇಬಿನ ತೋಟದ ಕಡೆ ಹೊರಟುಹೋದಳು. ಗಿಡಿಯನ್ ಅವಳ ಹಿಂದೆ ಹೋದ.

ಡಾರ್ಕಸ್ ಹೊಳೆಯ ದಾರಿಯಲ್ಲಿ ಮನೆಯ ಕಡೆ ನಡೆದಳು. ಮುದುಕಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬಂಗಲೆಯ ಹೆಣ್ಣನ್ನು ಬೇಡ ಎನ್ನುವುದರಲ್ಲಿ ಅವಳಿಗೆ ಹೆದರಿಕೆ ಎಷ್ಟಿತ್ತೋ ಬಿಂಕವೂ ಅಷ್ಟೇ ಇತ್ತು. ಆದರೆ ಅವಳ ಮನೆಯನ್ನೇ ಯಾರಾದರೂ ಬೇಡ ಎಂದರೆ? ಯೆಲಂಡರ ಹೊಸ್ತಿಲಿಗೆ ಯಾರಾದರೂ ಮೂಗು ಮುರಿದರೆ ಮುದುಕಿ ಏನು ಮಾಡುತ್ತಾಳೆ? ಈ ಪ್ರಶ್ನೆ ತಲೆಗೆ ಬಂದದ್ದೇ ಡಾರ್ಕಸ್‌ಳ ಹೆಜ್ಜೆ ನಿಂತಿತು. ಬೇಸಿಗೆಯೆಲ್ಲ ಕಾಪಾಡಿದ ಗುಟ್ಟು ಅವಳದಲ್ಲ ಎಂಬುದು ಗೊತ್ತಿತ್ತು. ಮಾತು ಎಡವಟ್ಟಾದರೆ ಲೆಟಿಶಿಯಾಗೆ ಇದ್ದ ಮನೆಯೂ ಇಲ್ಲ. ಅದೆಲ್ಲ ಗೊತ್ತಿದ್ದೂ ಅವಳ ಕಾಲು ಪಾದ್ರಿಮನೆಯ ತಿರುವು ಬಿಟ್ಟು ಬಂಗಲೆಯ ದಾರಿ ಹಿಡಿದಿತ್ತು.

ಸರ್ ಪೆರೆಗ್ರಿನ್ ಕುದುರೆ ಲಾಯದ ಮುಂದೆ ನಿಂತಿದ್ದ. ಲೆಟಿಶಿಯಾ ಯೆಲಂಡರ ಮನೆಯಲ್ಲಿದ್ದಾಳೆ, ಗಿಡಿಯನ್‌ನನ್ನು ಮದುವೆಯಾಗುವ ಮನಸ್ಸು ಮಾಡಿದ್ದಾಳೆ ಎಂದಷ್ಟೇ ಹೇಳಿದಳು; ಚೀಸಿನ ಮಾತು, ಮುದುಕಿ ಬೇಡ ಎಂದ ಮಾತು ಎತ್ತಲಿಲ್ಲ. ಅವನು ಕೇಳಿದವನೇ ಕುದುರೆ ಹತ್ತಿದ. ಡಾರ್ಕಸ್ ಲಂಗ ಎತ್ತಿ ಹಿಡಿದು, ಕಟಾವಾದ ಗೋಧಿ ಹೊಲಗಳನ್ನು ಅಡ್ಡ ಹಾಯ್ದು ಓಡಿದಳು. ಇಷ್ಟು ಮಾಡಿ ಮುಂದಿನದನ್ನು ನೋಡದೆ ಇರುವುದು ಅವಳಿಂದ ಆಗುವ ಕೆಲಸವಲ್ಲ.

ಅವಳು ತಲುಪಿದಾಗ ಅವನು ಹಾಲುಮನೆಯ ಬಾಗಿಲಲ್ಲಿದ್ದ. ಟೋಪಿ ತೆಗೆದಿರಲಿಲ್ಲ. ಕೆಜಾಯಾ ಯೆಲಂಡ್ ತೊಟ್ಟಿ ತೊಳೆಯುತ್ತಿದ್ದಳು.

"ನನ್ನ ತಂಗಿ ಎಲ್ಲಿ?"

"ತೋಟದಲ್ಲವ್ರೆ. ಬರ್ತಾರೆ. ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ. ನಿಮ್ಮ ಮಗನ ತಲೆಗೆ ಯಾರೋ ಹುಚ್ಚು ಹತ್ತಿಸಿದಾರೆ. ನೀವು ತಿಳಿದ ಹೆಂಗಸು, ಬುದ್ಧಿ ಹೇಳಿ."

"ಹೇಳ್ದೆ. ಈ ಮದುವೆ ಬ್ಯಾಡ ಅಂತ ಈಗಷ್ಟೇ ಹೇಳ್ದೆ."

ಸರ್ ಪೆರೆಗ್ರಿನ್‌ನ ಮುಖ ಸಡಿಲವಾಯಿತು. ಬಾಗಿಲ ಮರೆಯಲ್ಲಿದ್ದ ಡಾರ್ಕಸ್ ಇನ್ನಷ್ಟು ಮುಂದಕ್ಕೆ ಬಾಗಿದಳು. ಅಷ್ಟಕ್ಕೇ ಅವನು ಕುದುರೆ ಹತ್ತಿ ಹೋಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಮಾಧಾನವಾದ ಮನುಷ್ಯನಿಗೆ ಎರಡು ಮಾತು ಹೆಚ್ಚು ಆಡುವ ಚಟ.

"ನನಗೆ ಗೊತ್ತಿತ್ತು, ನಿಮಗೆ ನಿಮ್ಮ ಜಾಗ ಗೊತ್ತು ಅಂತ" ಎಂದ ಅವನು, ನಗುತ್ತ. "ನೀವು ಮಾಡಿದ ಚೀಸನ್ನ ನಾನು ಮೇಜಿನ ಮೇಲೆ ಇಡ್ತೀನಿ. ಹಾಗಂತ ನಿಮ್ಮನ್ನ ಮೇಜಿಗೆ ಕೂರಿಸೋಕಾಗುತ್ತಾ? ಥೋರಲ್ಡರ ಹೆಣ್ಣು ಈ ಮನೇಲಿ... ಪಾಪ, ನಿಮಗೇ ಮುಜುಗರ ಆಗ್ತಿತ್ತು."

ಮುದುಕಿ ತೊಳೆಯುವುದನ್ನು ನಿಲ್ಲಿಸಿದಳು. ಕೈಯನ್ನು ಸಾವಕಾಶವಾಗಿ ಒರೆಸಿಕೊಂಡಳು.

"ಈ ಮನೇಲಿ ಅಂದ್ರೆ?"

"ತಪ್ಪು ತಿಳೀಬೇಡಿ—"

"ಇಲ್ಲ, ತಿಳ್ಕೊತಾ ಇದೀನಿ. ಅಷ್ಟು ದೂರದಿಂದ ಬಂದಿದೀರಿ, ಒಂದು ಚೂರು ಚೀಸ್ ತಿನ್ನಿ." ಚಾಕು ತೆಗೆದು, ಕಲ್ಲಿನ ಮೇಜಿನ ಮೇಲಿದ್ದ ಚೀಸನ್ನು ಕೊಯ್ದು, ಚಾಕುವಿನ ತುದಿಯಲ್ಲೇ ಅವನ ಮುಂದೆ ಹಿಡಿದಳು.

ಅವನು ತಿಂದ. ತಿನ್ನುವ ವಿಷಯದಲ್ಲಿ ಅವನು ಪ್ರಾಮಾಣಿಕ. "ಈ ವರ್ಷ ಬಹಳ ಚೆನ್ನಾಗಿದೆ. ನಿಮ್ಮ ಕೈಯಲ್ಲಿ ಏನೋ ಇದೆ."

"ನನ್ನ ಕೈದಲ್ಲ. ನಿಮ್ಮ ತಂಗೀದು."

ಅವನ ದವಡೆ ನಿಂತಿತು. ಅಷ್ಟರಲ್ಲಿ ಲೆಟಿಶಿಯಾ ಮತ್ತು ಗಿಡಿಯನ್ ಅಂಗಳ ದಾಟಿ ಬಂದಿದ್ದರು. ಬೇಸಿಗೆಯೆಲ್ಲ ಮುಚ್ಚಿಟ್ಟಿದ್ದ ಕೈಗಳು ಬರಿದಾಗಿ ಅಣ್ಣನ ಮುಂದಿದ್ದವು. ಅವನು ಅವುಗಳನ್ನೇ ನೋಡಿದ.

"ಲೆಟಿ, ಇದೇನಿದು? ಕೆಲಸದವಳ ಹಾಗೆ! ಗಾಡಿ ಕಳಿಸ್ತೀನಿ, ಮನೆಗೆ ನಡಿ."

"ನಾನು ನಡೆದೇ ಬರ್ತೀನಿ ಅಣ್ಣ—" ಎಂದು ಅವಳು ಶುರುಮಾಡಿದಳು.

"ಎಲ್ಲಿಗೂ ಹೋಗ್ಬ್ಯಾಡ ಹುಡುಗಿ" ಎಂದಳು ಕೆಜಾಯಾ ಯೆಲಂಡ್. ಅಲ್ಲಿವರೆಗೆ ಅವಳು ಲೆಟಿಶಿಯಾಳನ್ನು ಮಿಸ್ ಎಂದೇ ಕರೆದದ್ದು. "ಸರ್ ಪೆರೆಗ್ರಿನ್, ನಿಮ್ಮ ತಾತ ಈ ಊರಿಗೆ ಬರೋ ಮುಂಚೆ ಈ ಮನೆಗೆ ಹೊಸ್ತಿಲು ಹಾಕಿದ್ರು. ಟೋಪಿ ತೆಗೀರಿ, ಇದು ನನ್ನ ಮನೆ. ಇವಳು ನನ್ನ ಸೊಸೆ. ನಿಮಗೆ ಚೀಸ್ ಬೇಕಾದ್ರೆ ಇನ್ನು ಮುಂದೆ ಮುಂದಿನ ಬಾಗಿಲಿಗೆ ಬಂದು ಕೇಳಿ."

ಅವನು ಟೋಪಿ ತೆಗೆಯಲಿಲ್ಲ. ಆದರೆ ಕೈ ಟೋಪಿಯ ಅಂಚಿನವರೆಗೆ ಹೋಗಿ ಬಂದದ್ದನ್ನು ಡಾರ್ಕಸ್ ನೋಡಿದಳು. ಹೊರಗೆ ಬರುವಾಗ ಅವಳ ಮುಂದೆ ನಿಂತು, "ನಿಮ್ಮ ತಂದೆಯವರಿಗೆ ನಮಸ್ಕಾರ ಹೇಳಿ" ಎಂದು ಮಂಜಿನಷ್ಟು ತಣ್ಣಗೆ ಹೇಳಿದ. ಅಂದಿನಿಂದ ಪಾದ್ರಿಮನೆಗೆ ಬಂಗಲೆಯ ಊಟದ ಕರೆ ನಿಂತಿತು. ಬಂಗಲೆಯ ಗಾಜಿನ ಮನೆಯ ಅನಾನಸ್ ಇನ್ನು ಸಿಗುವುದಿಲ್ಲವಲ್ಲ ಎಂದು ಅತ್ತೆ ಬಹಳ ದಿನ ಕೊರಗಿದಳು.

ಲೆಟಿಶಿಯಾ ಅಣ್ಣನ ಕುದುರೆ ಮರೆಯಾಗುವವರೆಗೆ ಅಂಗಳದಲ್ಲೇ ನಿಂತಿದ್ದಳು. ಆಮೇಲೆ ಡಾರ್ಕಸ್ ಕಡೆ ತಿರುಗಿದಳು.

"ನೀನು ಹೇಳಿದ್ದಾ?"

"ಹೌದು."

"ನನಗೋಸ್ಕರ ಹೇಳಿದ್ಯಾ, ಏನಾಗುತ್ತೆ ನೋಡೋಣ ಅಂತ ಹೇಳಿದ್ಯಾ?"

ಡಾರ್ಕಸ್ ನಿಜವಾಗಿಯೂ ಯೋಚಿಸಿದಳು. "ಎರಡೂ. ಯಾವುದು ಜಾಸ್ತಿ ಅಂತ ನನಗೂ ಗೊತ್ತಿಲ್ಲ."

ಲೆಟಿಶಿಯಾ ತಿರುಗಿ ಒಳಗೆ ಹೋದಳು.

ಬಂಗಲೆಯವರ ಮದುವೆಗಳು ಬಿಷಪ್ಪರ ಪರವಾನಗಿ ತಂದು ಸದ್ದಿಲ್ಲದೆ ನಡೆಯುತ್ತವೆ. ಯೆಲಂಡರ ಮದುವೆಗಳು ಹಾಗಲ್ಲ. ಮೂರು ಭಾನುವಾರ ಚರ್ಚಿನಲ್ಲಿ ಹೆಸರು ಕೂಗಬೇಕು. ಕೆಜಾಯಾ ಯೆಲಂಡ್ ಹಟ ಹಿಡಿದಳು: "ನಮ್ಮ ಮನೆ ಸೊಸೆ, ನಮ್ಮ ಪದ್ಧತಿ." ಮೊದಲ ಭಾನುವಾರ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ವರ್ಷಕ್ಕೊಮ್ಮೆ ಬರುವ ಗಿರಣಿಯವನೂ ಬಂದಿದ್ದ. ಪಾದ್ರಿ ಪೆನ್‌ಫೋಲ್ಡ್ ಕನ್ನಡಕ ಸರಿಮಾಡಿಕೊಂಡು ಇಬ್ಬರ ಹೆಸರೂ ಓದಿದರು. ಈ ಮದುವೆಗೆ ತಕ್ಕ ಕಾರಣದ ತಕರಾರು ಇರುವವರು ಹೇಳಬೇಕು ಎಂದರು. ಇಡೀ ಚರ್ಚು ಸರ್ ಪೆರೆಗ್ರಿನ್‌ನ ಬೆನ್ನನ್ನು ನೋಡಿತು. ಅವನು ಎದ್ದ. ಒಂದು ಮಗು ಕೂಡ ಅಳಲಿಲ್ಲ. ಎದ್ದವನು ಕೋಟಿನ ಹಿಂಭಾಗ ಸರಿಮಾಡಿಕೊಂಡು ಮತ್ತೆ ಕೂತ. ಅಷ್ಟೇ. ಅದು ತಕರಾರೇ, ಕೋಟೇ ಎಂದು ಊರು ಕ್ರಿಸ್‌ಮಸ್‌ವರೆಗೆ ಚರ್ಚೆ ಮಾಡಿತು.

ಮದುವೆಯಾಯಿತು. ಡಾರ್ಕಸ್ ಚರ್ಚಿಗೆ ಹೂ ಕಟ್ಟಿದಳು. ವಧು ಅವಳಿಗೆ ಧನ್ಯವಾದ ಹೇಳಿದಳು, ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ. ಚಳಿಗಾಲ ಪೂರ್ತಿ ಹಾಗೇ ಕಳೆಯಿತು. ಕರೆಯದ ಕಡೆಗೆ ಹೋಗಬಾರದು ಎಂಬುದನ್ನು ಡಾರ್ಕಸ್ ಜೀವನದಲ್ಲಿ ಮೊದಲ ಸಲ ಪಾಲಿಸಿದಳು. ಅತ್ತೆಗೆ ಗಾಬರಿಯಾಗಿ ನಾಡಿ ಹಿಡಿದು ನೋಡಿದಳು.

ಫೆಬ್ರವರಿಯಲ್ಲಿ ಹಿಮ ಕರಗುವ ಹೊತ್ತಿಗೆ ಗಿಡಿಯನ್ ಬಂದು ಬಾಗಿಲಲ್ಲಿ ನಿಂತ. "ಅವಳು ಬಾ ಅಂದ್ಲು" ಎಂದ.

ಹೋದಾಗ ಲೆಟಿಶಿಯಾ ಅಡುಗೆಮನೆಯ ಬೆಂಕಿಯ ಮುಂದೆ ಕೂತಿದ್ದಳು, ಹೊಟ್ಟೆ ಕಾಣುವಷ್ಟು ಮುಂದೆ ಬಂದಿತ್ತು. ಡಾರ್ಕಸ್ ಹಿಮ, ಹಸು, ಅತ್ತೆಯ ಕೆಮ್ಮು ಎಲ್ಲದರ ಮಾತೂ ಆಡಿ ಮುಗಿಸಿದಳು. ಕೊನೆಗೆ ಲೆಟಿಶಿಯಾಳೇ, "ಕೇಳು ಮಾರಾಯ್ತಿ, ನಿನ್ನ ಮುಖ ನೋಡೋಕಾಗಲ್ಲ" ಎಂದಳು.

"ಸುಖವಾಗಿದೀರಾ?"

"ಕೆಲವು ದಿನ ಇಲ್ಲ. ಊಟದ ಹೊತ್ತಲ್ಲಿ ಇಲ್ಲಿ ಯಾರೂ ಮಾತಾಡಲ್ಲ. ಮೊದಲ ತಿಂಗಳು ನನ್ನ ಮೇಲೆ ಸಿಟ್ಟೇನೋ ಅಂದ್ಕೊಂಡೆ. ಇಲ್ಲ, ಅವರು ಊಟ ಮಾಡ್ತಿರ್ತಾರೆ ಅಷ್ಟೇ. ಅತ್ತೆ ನಾನು ಹಚ್ಚಿದ ಮೇಣದಬತ್ತಿ ಆರಿಸ್ಕೊಂಡು ಬರ್ತಾರೆ, ನಾನು ಮತ್ತೆ ಹಚ್ಚಿಕೊಂಡು ಬರ್ತೀನಿ. ಸಾಯಂಕಾಲ ಪೇಪರ್ ಓದ್ತೀನಿ, ಜೋರಾಗಿ. ಅವರು ಕಣ್ಣು ಮುಚ್ಚಿ ಕೂತಿರ್ತಾರೆ, ನಿದ್ದೆ ಅಂದ್ಕೊಂಡು ನಿಲ್ಲಿಸಿದ್ರೆ 'ಆಮೇಲೆ?' ಅಂತಾರೆ. ಪಾರ್ಲಿಮೆಂಟಿನ ಮೇಲೆ ಅವರಿಗೆ ಭಯಂಕರ ಕೋಪ." ಬೆಂಕಿಗೆ ಒಂದು ಕೊರಡು ತಳ್ಳಿದಳು. "ಆದ್ರೆ ಬೆಳಿಗ್ಗೆ ಎದ್ದಾಗ ಇವತ್ತು ಏನು ಮಾಡೋದು ಅಂತ ಯೋಚನೆ ಬರಲ್ಲ ಡಾರ್ಕಸ್. ಅಲ್ಲಿ ದಿನಾ ಬರ್ತಿತ್ತು. ಇದಕ್ಕೆ ಸುಖ ಅಂತಾರೋ ಏನೋ, ನೀನೇ ವಿಚಾರಿಸಿ ಹೇಳು."

ಜುಲೈ ಕೊನೆಯಲ್ಲಿ ಹೆಣ್ಣು ಮಗು ಹುಟ್ಟಿತು. ನಾಮಕರಣದ ದಿನ ಪಾದ್ರಿ ಮಗುವಿನ ನೆತ್ತಿಗೆ ನೀರು ಹಾಕಿ ಕೆಜಾಯಾ ಎಂದು ಕರೆದಾಗ, ದೊಡ್ಡ ಕೆಜಾಯಾ ಮೂಗು ಒರೆಸಿಕೊಂಡು, ಚರ್ಚಿನೊಳಗೆ ಗಾಳಿ ಜಾಸ್ತಿ ಎಂದು ಗೊಣಗಿದಳು. ಬಂಗಲೆಯಿಂದ ಯಾರೂ ಬಂದಿರಲಿಲ್ಲ. ಆದರೆ ಹೊರಗೆ ಬಂದು ನೋಡಿದರೆ, ಗೇಟಿನ ಮುಂದೆ ಥೋರಲ್ಡರ ಗಾಡಿ ನಿಂತಿತ್ತು: ಬಾಗಿಲ ಮೇಲೆ ಮನೆತನದ ಲಾಂಛನ, ಮುಂದೆ ಜೋಡಿ ಕುದುರೆ, ಮೇಲೆ ಗಾಡಿಯವನು, ಒಳಗೆ ಯಾರೂ ಇಲ್ಲ. ತಾವು ಹೋಗಲಾಗದ ಕಡೆಗೆ, ಮರ್ಯಾದೆಗೆಂದು ಖಾಲಿ ಗಾಡಿ ಕಳಿಸುವುದು ದೊಡ್ಡವರ ಪದ್ಧತಿ. ಅದನ್ನು ಸಾವಿಗೆ ಕಳಿಸುತ್ತಾರೆ. ನಾಮಕರಣಕ್ಕೆ ಕಳಿಸಿದ್ದನ್ನು ಯಾರೂ ನೋಡಿರಲಿಲ್ಲ.

ಲೆಟಿಶಿಯಾ ಮಗುವನ್ನು ಎದೆಗೊತ್ತಿಕೊಂಡು ನಿಂತುಬಿಟ್ಟಳು. ಅವಮಾನ ಮಾಡಲು ಕಳಿಸಿದ್ದೋ, ರಾಜಿಗೆ ಕಳಿಸಿದ್ದೋ ಎಂದು ಜನ ಪಿಸುಗುಟ್ಟತೊಡಗಿದರು. ಗಾಡಿಯವನು ಮುಖ ಸೆಟೆದುಕೊಂಡು ಮುಂದೆ ನೋಡುತ್ತಿದ್ದ.

"ಏನಂತೆ ಇದು?" ಎಂದಳು ಕೆಜಾಯಾ ಯೆಲಂಡ್.

"ಅಣ್ಣ ಬರೋಕಾಗಲ್ಲ ಅಂತ ಗಾಡಿ ಕಳಿಸಿದಾನೆ ಅತ್ತೆ. ಖಾಲಿ ಬಂದು ಖಾಲಿ ಹೋಗುತ್ತೆ."

"ಖಾಲಿ ಯಾಕೆ ಹೋಗ್ಬೇಕು? ನನ್ನ ಮಂಡಿ ನೋಯ್ತೈತೆ." ಮುದುಕಿ ಬಾಗಿಲು ತೆಗೆದು, ಲಂಗ ಒಟ್ಟುಮಾಡಿಕೊಂಡು, ಗಿಡಿಯನ್‌ನ ಭುಜಕ್ಕೆ ಕೈಕೊಟ್ಟು ಹತ್ತಿ ಕೂತೇಬಿಟ್ಟಳು. "ಪಾದ್ರಿ ಮಗಳೇ, ಬಾಯಿ ಬಿಟ್ಕೊಂಡು ಏನ್ ನಿಂತಿದೀಯ? ಹತ್ತು. ಒಳಗೆ ಹೆಂಗಿರ್ತದೆ ಅಂತ ನಿಂಗೂ ನೋಡ್ಬೇಕಲ್ವಾ?"

ಡಾರ್ಕಸ್‌ಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಮಗುವನ್ನು ಎತ್ತಿಕೊಂಡು ಲೆಟಿಶಿಯಾ ಹತ್ತಿದಳು, ನಗು ತಡೆಯಲಾರದೆ ಅವಳ ಭುಜ ಅದುರುತ್ತಿತ್ತು. ಗಿಡಿಯನ್ ಪಕ್ಕದಲ್ಲೇ ನಡೆದ. ಗಾಡಿಯವನು ಒಮ್ಮೆ ಹಿಂದೆ ನೋಡಿ, ಏನು ತೋಚಿತೋ, ಚಾವಟಿ ಎತ್ತಿದ. ಬಡಗಿಯ ಮನೆ, ಗಿರಣಿ, ಕಟುಕನ ಅಂಗಡಿ ದಾಟಿ ಗಾಡಿ ಹೊಳೆಯ ಕಡೆ ಸಾಗಿತು; ಬಾಗಿಲುಗಳಲ್ಲಿ ನಿಂತವರಿಗೆಲ್ಲ ಕೆಜಾಯಾ ಯೆಲಂಡ್ ಗಂಭೀರವಾಗಿ ತಲೆಯಾಡಿಸಿದಳು.

"ಹೇಗನ್ನಿಸ್ತಿದೆ ಮಿಸೆಸ್ ಯೆಲಂಡ್?" ಎಂದಳು ಡಾರ್ಕಸ್.

ಮುದುಕಿ ಸೀಟನ್ನು ಅಂಗೈಯಿಂದ ಒತ್ತಿ ನೋಡಿದಳು. "ಗಟ್ಟಿ ಐತೆ" ಎಂದಳು. "ಇದ್ರಲ್ಲಿ ದಿನಾ ಕೂತ್ರೆ ಯಾರಿಗಾದ್ರೂ ಸಿಡುಕು ಬರ್ತದೆ ಬಿಡು."